ಗಿರಮಿಟ್ ಯಾರನ್ನೂ ಕಾಯುವುದಿಲ್ಲ

ಕಳೆದ ತಿಂಗಳು ಬೆಂಗಳೂರಿಗೆ ಮೊಮ್ಮಗಳ ಮನೆಗೆ ಹೋಗಿದ್ದೆ. ಸಂಜೆ “ಅಜ್ಜಿ, ನಿಮಗೆಂದೇ ಗಿರಮಿಟ್ ತರಿಸಿದ್ದೇನೆ” ಎಂದು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮುಂದಿಟ್ಟಳು. ಚುರುಮುರಿಗೆ ಹುಣಸೆ ಗೊಜ್ಜು ಕಲಸಿ ಮಾಡುವ ನಮ್ಮ ಕಡೆಯ ತಿಂಡಿ ಅದು. ಮುಚ್ಚಳ ತೆಗೆದರೆ ಒಳಗೆಲ್ಲ ಬೆವರು. ಚುರುಮುರಿ ಒಂದಕ್ಕೊಂದು ಅಂಟಿಕೊಂಡು, ಚಮಚ ಹಾಕಿದರೆ ಇಡೀ ಡಬ್ಬಿಯೇ ಮೇಲೆದ್ದು ಬರುವಂತಿತ್ತು. ಧಾರವಾಡದವಳಾದ ನಾನು ಏನೂ ಅನ್ನದೆ ತಿಂದೆ. ಆದರೆ ನನ್ನ ಮುಖ ಅವಳಿಗೆ ಗೊತ್ತಾಗಿರಬೇಕು, ಮರುದಿನ ತಾನೇ ಮಾಡುತ್ತೇನೆಂದು ಹೊರಟಳು. ಕುದಿಯುವ ಗೊಜ್ಜನ್ನು ಚುರುಮುರಿಯ ನಡುನೆತ್ತಿಗೆ ಸುರಿದಳು. ಅಷ್ಟರಲ್ಲಿ ಮೊಬೈಲ್ ಬಾರಿಸಿತೆಂದು ಬಾಲ್ಕನಿಗೆ ಹೋದಳು. ಅದನ್ನು ನೋಡಿದ ಮೇಲೂ ಸುಮ್ಮನಿದ್ದರೆ ನನ್ನ ಅತ್ತೆ ಮೇಲಿನಿಂದಲೇ ಬೈದಾರು.

ಹೊರಗೆ ತಿನ್ನಬಾರದೆಂದು ಹೇಳುವವಳಲ್ಲ ನಾನು. ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರ ಎಲ್ಲಿಗೇ ಹೋಗಿ, ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಖಾನಾವಳಿ ಇದ್ದೇ ಇರುತ್ತದೆ. ಹಲಗೆಯ ಮೇಲೆ ಹೆಚ್ಚಾಗಿ ಬಸವೇಶ್ವರನ ಹೆಸರಿರುತ್ತದೆ. ಅಲ್ಲಿ ಕುಳಿತು ಪನೀರ್ ಮಸಾಲೆ, ಗೋಬಿ ಮಂಚೂರಿ ಕೇಳುವ ಹುಡುಗರನ್ನು ಕಂಡರೆ ಎದ್ದುಹೋಗಿ ಕಿವಿ ಹಿಂಡೋಣವೆನಿಸುತ್ತದೆ. ಖಾನಾವಳಿಯಲ್ಲಿ ಬಂದದ್ದನ್ನು ಉಣ್ಣಬೇಕು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅದರ ನೆತ್ತಿಗೆ ಗಟ್ಟಿ ಮೊಸರು, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಎಳೆಯ ಮೆಂತ್ಯ ಸೊಪ್ಪು. ಒಳಗೆ ಹೋಗುವ ಮೊದಲು ಬಾಗಿಲಲ್ಲೇ ನಿಂತು ರೊಟ್ಟಿ ಬಡಿಯುವ ಸಪ್ಪಳ ಬರುತ್ತಿದೆಯೇ ಎಂದು ಕಿವಿಗೊಡಿ. ಬರದಿದ್ದರೆ ರೊಟ್ಟಿ ಬೆಳಗಿನದು. ಆಗ ಮೆತ್ತನೆಯದನ್ನು ಬಿಟ್ಟು ಖಡಕ್ ರೊಟ್ಟಿ ಕೇಳಿ, ಅದು ಹಳತಾದರೂ ಕೆಡುವುದಿಲ್ಲ. ಅಂಚು ಬಿರಿಯದಂತೆ ರೊಟ್ಟಿ ಬಡಿಯುವ ಕೈ ಒಂದೆರಡು ವರ್ಷಕ್ಕೆ ಬರುವಂಥದ್ದಲ್ಲ. ಅಂಥ ಕೈಗೆ ಧಾರಾಳವಾಗಿ ದುಡ್ಡು ಕೊಡಿ. ಗಿರಮಿಟ್ಟಿನ ಜೊತೆಗಿನ ಮಿರ್ಚಿ ಭಜಿಯನ್ನೂ ಹೊರಗಿನಿಂದಲೇ ತನ್ನಿ; ನಾಲ್ಕು ಮೆಣಸಿನಕಾಯಿಗಾಗಿ ಬಾಣಲೆ ತುಂಬ ಎಣ್ಣೆ ಕಾಯಿಸಿ, ಆಮೇಲೆ ಆ ಎಣ್ಣೆಯನ್ನು ಏನು ಮಾಡುವುದೆಂದು ವಾರವಿಡೀ ನೋಡುತ್ತ ಕೂರಬೇಡಿ. ತರುವಾಗ ಮುಚ್ಚಿದ ಡಬ್ಬಿ ಮಾತ್ರ ಬೇಡ.

ಗಿರಮಿಟ್ಟನ್ನಾದರೋ ಅಂಗಡಿಯ ಮುಂದೆ ನಿಂತು ತಿನ್ನಬೇಕು, ಇಲ್ಲವೇ ಮನೆಯಲ್ಲಿ ಮಾಡಿಕೊಳ್ಳಬೇಕು. ನಡುವೆ ಮೂರನೆಯ ದಾರಿಯಿಲ್ಲ.

ಗೊಜ್ಜು ಎಲ್ಲರಿಗೂ ಬರುತ್ತದೆ. ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಅರಿಶಿನ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಹುಣಸೆ ರಸ, ಉಪ್ಪು, ಹುಳಿಗೆ ಮೂಗುದಾರ ಹಾಕುವಷ್ಟು ಬೆಲ್ಲ. ಟೊಮೆಟೊ ಹಾಕುವವರು ಹಾಕುತ್ತಾರೆ, ನಾನು ಹಾಕುವುದಿಲ್ಲ. ನೀರೆಲ್ಲ ಇಂಗಿ ಅಂಚಿನಲ್ಲಿ ಎಣ್ಣೆ ಕಾಣುವವರೆಗೆ ಒಲೆ ಆರಿಸಬಾರದು. ಸೌಟಿನಿಂದ ಬಿಟ್ಟರೆ ಸಾರಿನಂತೆ ಇಳಿಯದೆ ತಡೆದು ತಡೆದು ಬೀಳಬೇಕು. ಈಗಿನವರಿಗೆ ಆ ಐದು ನಿಮಿಷದ ತಾಳ್ಮೆಯಿಲ್ಲ, ನೀರುನೀರಾಗಿ ಇಳಿಸಿಬಿಡುತ್ತಾರೆ. ಆಮೇಲೆ ಚುರುಮುರಿಯನ್ನು ದೂರುತ್ತಾರೆ.

ಚುರುಮುರಿ ಹೊಸದಿದ್ದರೂ ಅರ್ಧ ತಾಸು ಬಿಸಿಲಿಗೆ ಹರವಬೇಕು. ಬಿಸಿಲಿಲ್ಲದ ದಿನ ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿಕೊಂಡರೆ ಸಾಕು, ಬಣ್ಣ ಬದಲಾಗಬಾರದು. ಎರಡು ಬೆರಳಲ್ಲಿ ಹಿಸುಕಿದರೆ ಟಕ್ಕೆಂದು ಮುರಿಯಬೇಕು. ಆಮೇಲೆ ಜರಡಿ ಹಿಡಿಯಿರಿ. ಬಿಸಿ ಮರಳಿನಲ್ಲಿ ಹುರಿದ ಚುರುಮುರಿಯಲ್ಲಿ ಒಂದೆರಡು ಹರಳು ಉಳಿದೇ ಇರುತ್ತವೆ, ಅವು ಸಿಗುವುದು ಬೀಗರ ಹಲ್ಲಿಗೇ. ಬಿಸಿಲಿನ ಮಾತು ಬಂತೆಂದು ಹೇಳುತ್ತೇನೆ, ಚುರುಮುರಿ ಹರವಿದ ಹೊತ್ತಿನಲ್ಲೇ ಕೌದಿಗಳನ್ನೂ ಮಾಳಿಗೆಗೆ ಒಯ್ಯಿರಿ. ಮೊಮ್ಮಗಳ ಮನೆಯ ಕಪಾಟಿನಲ್ಲಿ ನಾನೇ ಹೊಲಿದು ಕೊಟ್ಟ ಕೌದಿ ಮುಗ್ಗಲು ವಾಸನೆ ಹಿಡಿದು ಕುಳಿತಿತ್ತು. ಎರಡೂ ಮಗ್ಗುಲು ಬಿಸಿಲು ಕಾಣಿಸಿ, ಕೋಲಿನಿಂದ ನಾಲ್ಕು ಬಾರಿ ಬಡಿದು, ಬಿಸಿ ಪೂರ್ತಿ ಆರಿದ ಮೇಲೆ ಒಣಗಿದ ಬೇವಿನೆಲೆ ಇಟ್ಟು ಮಡಿಸಬೇಕು. ಬಿಸಿಯಿದ್ದಾಗಲೇ ಮಡಿಸಿದರೆ ಒಳಗೇ ಬೆವರುತ್ತದೆ, ಆ ಪ್ಲಾಸ್ಟಿಕ್ ಡಬ್ಬಿಯ ಹಾಗೆ.

ಈಗ ನನ್ನ ಗುಟ್ಟು. ಕಲಸುವುದಕ್ಕೆ ಅಗಲವಾದ ಪರಾತ ಬೇಕು, ಆಳದ ಪಾತ್ರೆ ಬೇಡ. ಮೇಲೆ ಹಾಕುವ ಹಸಿ ಉಳ್ಳಾಗಡ್ಡಿಯನ್ನು ಆದಷ್ಟು ಸಣ್ಣಗೆ ಹೆಚ್ಚಿ, ಒಣ ಬಟ್ಟೆಯಲ್ಲಿ ಒತ್ತಿ, ಅದಕ್ಕೆ ಒಂದು ಹಿಡಿ ಪುಠಾಣಿ ಹಿಟ್ಟು, ಅಂದರೆ ಹುರಿಗಡಲೆ ಹಿಟ್ಟು, ಉದುರಿಸಿ ಬೆರಳಾಡಿಸಿ ಪಕ್ಕಕ್ಕಿಡಿ. ಉಳ್ಳಾಗಡ್ಡಿ ಬಿಡುವ ನೀರನ್ನು ಆ ಹಿಟ್ಟು ಕುಡಿದುಕೊಳ್ಳುತ್ತದೆ. ಇದಕ್ಕೆ ಉಪ್ಪು ಮುಟ್ಟಿಸಬಾರದು, ಮುಟ್ಟಿಸಿದರೆ ನೀರು ಕರೆದುಕೊಂಡು ಬಂದಂತೆಯೇ. ಗೊಜ್ಜು ಆರಬೇಕು, ಅಂಗೈಯ ಹಿಂಬದಿಗೆ ಹಚ್ಚಿಕೊಂಡರೆ ಬೆಚ್ಚಗೆನಿಸಬೇಕು, ಸುಡಬಾರದು. ಪೂರ್ತಿ ತಣ್ಣಗಾದರೂ ಕೆಲಸಕ್ಕೆ ಬಾರದು, ಗಂಟಾಗಿ ಒಂದೇ ಕಡೆ ಕೂರುತ್ತದೆ. ಈ ಗೊಜ್ಜನ್ನು ಚುರುಮುರಿಯ ಮೇಲೆ ಸುರಿಯಲೇಬೇಡಿ. ಸುರಿದ ಜಾಗದ ಚುರುಮುರಿ ಅಲ್ಲೇ ಸತ್ತುಹೋಗುತ್ತದೆ, ಉಳಿದದ್ದು ಬಿಳಿಯಾಗಿ ಹಾಗೇ ಇರುತ್ತದೆ. ಖಾಲಿ ಪರಾತದೊಳಗೆ ಹಾಕಿ, ನೆಲ ಸಾರಿಸಿದಂತೆ ತಳಕ್ಕೂ ಅಂಚಿಗೂ ತೆಳ್ಳಗೆ ಸವರಿ. ಅದರ ಮೇಲೆ ಚುರುಮುರಿಯನ್ನು ಎರಡು ಸಲಕ್ಕೆ ಹಾಕಿ. ಮೊದಲ ಪಾಲು ಗೊಜ್ಜನ್ನು ಎತ್ತಿಕೊಳ್ಳುತ್ತದೆ, ಎರಡನೆಯದು ಅದರಿಂದ ಬಣ್ಣ ಸಾಲ ಪಡೆಯುತ್ತದೆ. ಕೈಬೆರಳು ಅಗಲಿಸಿ, ತಳದಿಂದ ಮೇಲಕ್ಕೆ, ಬಡಗಿ ಬೈರಿಗೆ ತಿರುಗಿಸಿದಂತೆ ಮಣಿಕಟ್ಟು ತಿರುಗಿಸುತ್ತ ಬನ್ನಿ. ಹಿಸುಕುವುದಿಲ್ಲ, ಒತ್ತುವುದಿಲ್ಲ. ಹತ್ತು ಹನ್ನೆರಡು ಸುತ್ತಿಗೆ ಎಲ್ಲ ಕಾಳೂ ಹಳದಿಯಾಗುತ್ತದೆ. ಕೂಡಲೇ ಹಿಟ್ಟು ಹಚ್ಚಿದ ಉಳ್ಳಾಗಡ್ಡಿ, ಇನ್ನೊಂದು ಹಿಡಿ ಪುಠಾಣಿ ಹಿಟ್ಟು, ಕೊತ್ತಂಬರಿ, ಮೇಲೆ ಸೇವು. ಹಿಟ್ಟು ಹಾಕಿದ ಮೇಲೆ ಎರಡೇ ಸುತ್ತು. ಕೈ ಎತ್ತಿಬಿಡಿ.

ಚಮಚದಲ್ಲಿ ಕಲಸಬಹುದೇ ಎಂದು ಮೊಮ್ಮಗಳು ಕೇಳಿದಳು. ಉಗುರಿಗೆ ಅರಿಶಿನ ಹತ್ತುತ್ತದಂತೆ! ಕಲಸಬಹುದು ತಂಗಿ, ಆದರೆ ಯಾವ ಕಾಳು ಮೆತ್ತಗಾಯಿತೆಂದು ಚಮಚ ಬಂದು ನಿನಗೆ ಹೇಳುವುದಿಲ್ಲ.

ನಮ್ಮ ಮಾವನವರು ಸಂಜೆ ಕಚೇರಿಯಿಂದ ಸೈಕಲ್ಲಿನಲ್ಲಿ ಬರುವಾಗ ಓಣಿಯ ತಿರುವಿನಲ್ಲಿ ಗಂಟೆ ಬಾರಿಸುತ್ತಿದ್ದರು. ಎಲ್ಲವನ್ನೂ ಸಿದ್ಧವಾಗಿಟ್ಟುಕೊಂಡು ಕುಳಿತಿರುತ್ತಿದ್ದ ಅತ್ತೆ ಆ ಗಂಟೆ ಕೇಳಿದ ಮೇಲೆಯೇ ಚುರುಮುರಿಗೆ ಕೈ ಹಾಕುತ್ತಿದ್ದರು. ಮಾವ ಸೈಕಲ್ ನಿಲ್ಲಿಸಿ, ಕಾಲು ತೊಳೆದು ಒಳಗೆ ಬರುವುದಕ್ಕೂ ತಟ್ಟೆ ಮುಂದೆ ಬರುವುದಕ್ಕೂ ಸರಿಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ, ಅತ್ತೆಗೆ ಮೆಚ್ಚುಗೆಯಾಗಲೆಂದು, ಗಂಟೆಗೂ ಮೊದಲೇ ನಾನು ಕಲಸಿಟ್ಟೆ. ಆ ದಿನ ಮಾವನವರು ಯಾರೋ ಸಿಕ್ಕರೆಂದು ತಿರುವಿನಲ್ಲೇ ಮಾತಿಗೆ ನಿಂತರು. ಅತ್ತೆ ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ಒಂದು ಮಾತೂ ಆಡದೆ ಅದನ್ನೆಲ್ಲ ಎಮ್ಮೆಯ ಮುಂದೆ ಸುರಿದು ಬಂದರು. ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದೆ.

ಆದ್ದರಿಂದ ತಿನ್ನುವವರೆಲ್ಲ ಮೊದಲು ಬಂದು ಕೂರಲಿ. ಬಟ್ಟೆ ಬದಲಾಯಿಸುವವರು ಬದಲಾಯಿಸಿ ಬರಲಿ, ಫೋನ್ ಮಾಡುವವರು ಮುಗಿಸಿ ಬರಲಿ. ಚಹಾ ಆಮೇಲೆ ಕಾಸಿದರಾಯಿತು.

ಇಷ್ಟಾದರೂ ಡಬ್ಬಿಯ ಮುಚ್ಚಳ ತೆರೆದಿಟ್ಟು ಚುರುಮುರಿ ಮೆತ್ತಗಾಗಿದೆಯೆನ್ನಿ, ಬಿಸಿಲಿಗೂ ಬಾಣಲೆಗೂ ಬಗ್ಗಲಿಲ್ಲವೆನ್ನಿ, ಅದನ್ನು ಗಿರಮಿಟ್ಟಿಗೆ ಎಳೆಯಬೇಡಿ. ಬೆಳಿಗ್ಗೆ ಸುಸಲಾ ಮಾಡಿ. ನೀರಿನಲ್ಲಿ ಅದ್ದಿ ತಕ್ಷಣ ತೆಗೆದು, ಎರಡು ಅಂಗೈಗಳ ನಡುವೆ ಮೆಲ್ಲಗೆ ಹಿಂಡಿ, ಶೇಂಗಾ ಹಾಕಿದ ಒಗ್ಗರಣೆಗೆ ಬಿಟ್ಟು, ಮೇಲೊಂದಿಷ್ಟು ಪುಠಾಣಿ ಹಿಟ್ಟು ಉದುರಿಸಿ ಕೈಯಾಡಿಸಿ. ನಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ. ಇದು ಮಾತ್ರ ಯಾರಾದರೂ ತಡವಾಗಿ ಬಂದರೆ ಅಷ್ಟು ಸಿಟ್ಟಾಗುವುದಿಲ್ಲ.