ಕಾವಲಿ ಬಿಟ್ಟು ತಟ್ಟೆ ಎಣಿಸಿದೆವು: ನಮ್ಮ ಆಪರೇಷನ್ಸ್ ಪ್ರಾಜೆಕ್ಟ್ ಅನುಭವ

ಎಂಬಿಎ ಎರಡನೇ ಸೆಮಿಸ್ಟರ್‌ನಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ (ಕೆಲಸ ಸರಾಗವಾಗಿ ನಡೆಯುವ ಹಾಗೆ ನೋಡಿಕೊಳ್ಳುವ ವಿಷಯ) ಗ್ರೂಪ್ ಪ್ರಾಜೆಕ್ಟ್ ಬಂತು. ಕ್ಲಾಸಿನ ಬೇರೆ ಗ್ರೂಪುಗಳೆಲ್ಲ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ನಂಜನಗೂಡು ಅಂತ ಫ್ಯಾಕ್ಟರಿ ಹುಡುಕಿಕೊಂಡು ಹೊರಟವು. ನಾವು ಐದು ಜನ ಮೈಸೂರಿನ ಒಂದು ದರ್ಶಿನಿ ಹೋಟೆಲ್ ಹಿಡಿದೆವು. ಬೆಳಿಗ್ಗೆ ದೋಸೆಗೆ ಕಾಯುವ ಸಮಯ ಕಡಿಮೆ ಮಾಡುತ್ತೇವೆ ಅಂತ ಟಾಪಿಕ್ ಬರೆದುಕೊಟ್ಟೆವು. "ಹೋಟ್ಲಲ್ಲಿ ಏನಪ್ಪಾ ಆಪರೇಷನ್ಸ್ ಇರುತ್ತೆ, ಯಾವುದಾದ್ರೂ ಪ್ಲಾಂಟಿಗೆ ಹೋಗಿ" ಅಂದರು ಗೈಡ್. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತಲ್ಲ, ಮೊದಲು ದುಡ್ಡು, ಆಮೇಲೆ ಚೀಟಿ, ಕೌಂಟರಿನಲ್ಲಿ ಎದುರಿಗೇ ತಿಂಡಿ, ನಿಂತು ತಿಂದು ಹೊರಡು ಅನ್ನುವ ಆ ಪದ್ಧತಿಯೇ ಒಂದು ದೊಡ್ಡ ಪ್ರೊಸೆಸ್ ಡಿಸೈನ್ ಅಲ್ವಾ? ವಾದ ಮಾಡಿ ಒಪ್ಪಿಸಿದೆ. ಆದರೆ ಕೊನೆಯವರೆಗೂ ಅವರಿಗೆ ಅನುಮಾನ ಇದ್ದೇ ಇತ್ತು. ಕ್ಲಾಸಿನವರು ನಮ್ಮನ್ನು "ದೋಸೆ ಗ್ರೂಪ್" ಅಂತ ಕರೆಯುತ್ತಿದ್ದರು.

ಕೊನೆಗೆ ಅದು ವರ್ಕೌಟ್ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನಿಂದ ಹೇಳುತ್ತಿರುವುದು, ಹೆಚ್ಚುಕಡಿಮೆ ಇರಬಹುದು.

ಮೊದಲ ವಾರ ಎಲ್ಲರೂ ಮಾಡುವುದನ್ನೇ ಮಾಡಿದೆವು. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಕಾವಲಿ ಮುಂದೆ ನಿಂತೆವು. ನೀರು ಚಿಮುಕಿಸುವುದು, ಪೊರಕೆಯಲ್ಲಿ ಗುಡಿಸುವುದು, ಹಿಟ್ಟು ಹಾಕಿ ಹರಡುವುದು, ಎಣ್ಣೆ, ಕೆಂಪು ಚಟ್ನಿ, ಪಲ್ಯ, ಮಡಿಸಿ ಎತ್ತುವುದು. ಒಂದು ಸುತ್ತಿಗೆ 10 ದೋಸೆ, ಸುಮಾರು ನಾಲ್ಕೂವರೆ ನಿಮಿಷ. ಅಂದರೆ ಗಂಟೆಗೆ 130ರ ಮೇಲೆ ಬರಬೇಕು. ಎಂಟೂವರೆಯಿಂದ ಹತ್ತರವರೆಗಿನ ರಶ್‌ನಲ್ಲಿ ಬರುತ್ತಿದ್ದದ್ದು ಗಂಟೆಗೆ 105. ಉಳಿದದ್ದು ಎಲ್ಲಿ ಹೋಯಿತು ಅಂತ ಕೇಳಿಕೊಳ್ಳಬೇಕಿತ್ತು. ನಾವು ಕೇಳಿಕೊಳ್ಳಲಿಲ್ಲ. ಕಾವಲಿಯೇ ಬಾಟಲ್‌ನೆಕ್, ಅಂದರೆ ಇಡೀ ಕೆಲಸವನ್ನು ನಿಧಾನ ಮಾಡುವ ಜಾಗ, ಅಂತ ಬರೆದು, ಇನ್ನೊಂದು ಕಾವಲಿ ಹಾಕಿ ಅಂತ ಓನರ್ ಹತ್ತಿರ ಹೋದೆವು. ಬರ್ನರ್ ಸೇರಿ ಕೊಟೇಶನ್ 55 ಸಾವಿರ ಚಿಲ್ಲರೆ ಬಂದಿತ್ತು. ಅವರು ಒಂದೇ ನಿಮಿಷದಲ್ಲಿ ಕಾಗದ ವಾಪಸ್ ಕೊಟ್ಟರು. "ಗ್ಯಾಸ್ ಯಾರು ಕೊಡ್ತಾರೆ? ಇನ್ನೊಬ್ಬ ಭಟ್ರಿಗೆ ತಿಂಗಳಿಗೆ 20 ಸಾವಿರ ಯಾರು ಕೊಡ್ತಾರೆ?" ಅಂದರು. ಅವರು ಒಪ್ಪದಿದ್ದದ್ದೇ ಒಳ್ಳೆಯದಾಯಿತು. ಹಾಕಿಸಿದ್ದರೆ ಆ ದುಡ್ಡು ಪೂರ್ತಿ ದಂಡ.

ಆಮೇಲೆ ನಂಬರ್ ಟೋಕನ್. ಲ್ಯಾಮಿನೇಟ್ ಮಾಡಿಸಿದ 100 ಟೋಕನ್, ಖರ್ಚು 1,400 ರೂಪಾಯಿ. ಎಕ್ಸಾಸ್ಟ್ ಫ್ಯಾನ್ ಸದ್ದು, ಹಿಂದೆ ಗ್ರೈಂಡರ್ ಸದ್ದು. ಕೂಗಿದ ನಂಬರ್ ಮೂರನೇ ಟೇಬಲಿಗೂ ಕೇಳುತ್ತಿರಲಿಲ್ಲ. ಮೊದಲ ದಿನವೇ 11 ಟೋಕನ್ ಜನರ ಜೇಬಿನಲ್ಲಿ ಮನೆಗೆ ಹೋದವು. ದೋಸೆಗೇ ಬೇರೆ ಸಾಲು ಅಂತ ಇನ್ನೊಂದು ಪ್ರಯತ್ನ ಮಾಡಿದೆವು. ಇಡ್ಲಿ, ವಡೆ, ದೋಸೆ ಮೂರೂ ತೆಗೆದುಕೊಂಡವರು ಎರಡು ಸಲ ನಿಲ್ಲಬೇಕಾಯಿತು. ಜಗಳ ಶುರುವಾಗಿ 40 ನಿಮಿಷಕ್ಕೆ ಹಗ್ಗ ಬಿಚ್ಚಿದೆವು. ನಡುವೆ ಎಕ್ಸೆಲ್‌ನಲ್ಲಿ ಸಿಮ್ಯುಲೇಶನ್ (ಹೋಟೆಲ್ ಕೆಲಸದ ಲೆಕ್ಕದ ನಕಲು) ಮಾಡುತ್ತಾ 9 ದಿನ ಕೂತೆವು. ಗೈಡ್‌ಗೆ ಅದು ತುಂಬಾ ಹಿಡಿಸಿತು, ಆದರೆ ಮಾಡೆಲ್‌ನಲ್ಲಿ ಕಾವಲಿ ಬಿಟ್ಟು ಬೇರೇನೂ ಇರಲಿಲ್ಲವಾದ್ದರಿಂದ ಅದು ಹೇಳಿದ್ದೂ ಕಾವಲಿ ಬಗ್ಗೆಯೇ.

ಗ್ರೂಪ್ ಒಳಗಿನ ವಿಷಯವನ್ನೂ ಹೇಳಲೇಬೇಕು. ಬೆಳಿಗ್ಗೆ ಏಳಕ್ಕೆ ಹೋಟೆಲ್ ಮುಂದೆ ಇರಬೇಕು ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಒಬ್ಬ ಎರಡು ದಿನದ ರೀಡಿಂಗ್ ಕಳಿಸಿದ. ನೋಡಿದರೆ ಎಲ್ಲ ಸಂಖ್ಯೆಯ ಕೊನೆಗೂ ಸೊನ್ನೆ ಇಲ್ಲವೇ ಐದು. ಸ್ಟಾಪ್‌ವಾಚ್ ಹಾಗೆ ಓಡುವುದಿಲ್ಲ. ಹಾಸ್ಟೆಲ್ ರೂಮಿನಲ್ಲಿ ಕೂತು ತುಂಬಿದ್ದು ಅಂತ ಗೊತ್ತಾಯಿತು. ಆ ಎರಡು ದಿನದ ಡೇಟಾ ಪೂರ್ತಿ ಎಸೆದೆವು. ಮತ್ತೆ ಹೋಗಿ ನಿಂತೆವು. ಗ್ರೂಪ್ ಪ್ರಾಜೆಕ್ಟ್ ಮಾಡುವವರು ಬೇರೆ ಏನು ಮಾಡದಿದ್ದರೂ ಕೊನೆಯ ಅಂಕಿ ಒಮ್ಮೆ ನೋಡಿ. ನಾವು ಆಮೇಲೆ ಇಬ್ಬಿಬ್ಬರು ಜೋಡಿಯಾಗಿ ಹೋಗುವ ಪಾಳಿ ಹಾಕಿಕೊಂಡೆವು. ಆ ಹುಡುಗನೂ ಮುಂದೆ ಒಂದು ದಿನ ತಪ್ಪಿಸಲಿಲ್ಲ.

ದಾರಿ ಸಿಕ್ಕಿದ್ದು ಒಂದು ಲೆಕ್ಕ ತಾಳೆಯಾಗದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಒಂದಿದೆ: ಬಾಕಿ ಇರುವ ಸಂಖ್ಯೆಯನ್ನು ಹೊರಗೆ ಬರುವ ವೇಗದಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ ಸಿಗುತ್ತದೆ. ಕೌಂಟರ್ ಮುಂದೆ ನಿಂತವರಿಗೆ ಕೊಡಲು ಬಾಕಿ ಇದ್ದದ್ದು ಸುಮಾರು 25 ದೋಸೆ, ಗಂಟೆಗೆ 105 ಹೊರಗೆ ಬರುತ್ತವೆ. ಕಾಯುವ ಸಮಯ 14 ನಿಮಿಷ ಇರಬೇಕು. ನಮ್ಮ ವಾಚ್ 17 ತೋರಿಸುತ್ತಿತ್ತು. ಮೂರು ನಿಮಿಷ ಎಲ್ಲಿಂದ ಬಂತು ಅಂತ ಮೂರು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ನೋಡಿದರೆ ಐದಾರು ಜನ ಚೀಟಿ ಕೊಟ್ಟು ಕಾಫಿ ಕೌಂಟರ್ ಕಡೆ ಹೋಗಿ ನಿಂತಿರುತ್ತಿದ್ದರು, ನಾವು ಅವರನ್ನು ಎಣಿಸಿಯೇ ಇರಲಿಲ್ಲ. ಅವರನ್ನು ಸೇರಿಸಿದರೆ 30 ದೋಸೆ, 17 ನಿಮಿಷ, ಲೆಕ್ಕ ಸರಿಹೋಯಿತು. ಸಣ್ಣ ತಪ್ಪು. ಆದರೆ ನಾವು ಒಂದೇ ಜಾಗದಲ್ಲಿ ನಿಂತು ನೋಡುತ್ತಿದ್ದೇವೆ ಅನ್ನುವುದು ಆಗ ತಲೆಗೆ ಹೋಯಿತು. ಮಾರನೇ ದಿನ ನಾನು ಕೌಂಟರ್ ಒಳಗೆ, ಭಟ್ಟರ ಪಕ್ಕದಲ್ಲಿ ನಿಂತೆ.

ಆ ಬೆಳಿಗ್ಗೆ ಕಂಡದ್ದು ಇನ್ನೂ ಕಣ್ಣ ಮುಂದಿದೆ. ಭಟ್ಟರು ಮಸಾಲೆ ದೋಸೆ ಮಡಿಸಿ ಮಗುಚೋ ಕೈಯಲ್ಲಿ ಎತ್ತಿದರು. ಎಡಗೈ ತಟ್ಟೆಗೆ ಚಾಚಿದರು. ತಟ್ಟೆ ಇಲ್ಲ. ದೋಸೆ ಹಾಗೇ ಗಾಳಿಯಲ್ಲಿ. ಒಂದು ಸಲ ಒಳಗೆ ನೋಡಿ, "ತಟ್ಟೇ..." ಅಂತ ಕೂಗಿ, ದೋಸೆಯನ್ನು ತಿರುಗಿ ಕಾವಲಿಯ ಅಂಚಿಗೆ ಇಟ್ಟರು. ಅಂಚಿನಲ್ಲಿ ಆಗಲೇ ನಾಲ್ಕು ದೋಸೆ ಕೂತಿದ್ದವು. ಅಂಚು ತುಂಬಿದ ಮೇಲೆ ಮುಂದಿನ ಸುತ್ತಿಗೆ 10ರ ಬದಲು 7 ಮಾತ್ರ ಹಾಕಲು ಜಾಗ. ಒಂದು ಗಂಟೆಯಲ್ಲಿ ಹೀಗೆ ಆರು ಸಲ ಆಯಿತು. "ಎಂತ ಮಾಡುದು ಮಾರಾಯ, ದೋಸೆ ನನ್ನ ಕೈಲಿ ಉಂಟು, ತಟ್ಟೆ ನನ್ನ ಕೈಲಿ ಇಲ್ಲ" ಅಂದರು. ಕುಂದಾಪುರದ ಕಡೆಯವರು, ಇಪ್ಪತ್ತು ವರ್ಷ ಕಾವಲಿ ಮುಂದೆ ನಿಂತವರು. ನಾವು ಮೂರು ವಾರ ಅವರ ಎದುರಿಗೇ ಇದ್ದೆವು, ಈ ಪ್ರಶ್ನೆ ಕೇಳಿರಲಿಲ್ಲ.

ಆವತ್ತೇ ಹೋಗಿ 30 ತಟ್ಟೆ ತಂದೆವು. ಒಂದಕ್ಕೆ 120ರಂತೆ 3,600 ರೂಪಾಯಿ, ತಲೆಗೆ ಸಾವಿರ ಹಾಕಿಕೊಂಡಿದ್ದ ದುಡ್ಡು ಇಲ್ಲಿಗೆ ಖಾಲಿ. ಇದ್ದ 140ಕ್ಕೆ 30 ಸೇರಿತು, ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಮತ್ತೆ "ತಟ್ಟೇ..."

ಅದೊಂದು ದಿನ ನಿಜಕ್ಕೂ ಬೇಜಾರಾಗಿತ್ತು. ಹಿಂದೆ ತಟ್ಟೆ ತೊಳೆಯುವ ಜಾಗದಲ್ಲಿ ಹೋಗಿ ಸುಮ್ನೆ ಕೂತೆ. ತೊಳೆಯುವ ಅಕ್ಕ ಅಲ್ಲಿ ಕೈಕಟ್ಟಿ ಕೂತಿದ್ದರು. ಹೊರಗೆ ತಟ್ಟೆಗೆ ಹಾಹಾಕಾರ, ಒಳಗೆ ತೊಳೆಯಲು ತಟ್ಟೆಯೇ ಇಲ್ಲ! ಕೇಳಿದೆ. "ಟಬ್ ತುಂಬೋವರ್ಗೂ ಕ್ಲೀನರ್ ತರಲ್ಲ ಮಗಾ. ಆಮೇಲೆ ಎರಡೂ ಟಬ್ ಒಟ್ಟಿಗೆ ತಂದು ಸುರೀತಾನೆ, ಬೆಟ್ಟದಷ್ಟು" ಅಂದರು. ಹಾಲ್‌ನ ಎರಡು ಮೂಲೆಯಲ್ಲಿ ಎರಡು ದೊಡ್ಡ ಟಬ್. ಒಂದೊಂದರಲ್ಲಿ 45 ತಟ್ಟೆ. ನಾವು ತಟ್ಟೆ ಜಾಸ್ತಿ ತಂದ ಮೇಲೆ ಅದೇ ಟಬ್ಬಿನಲ್ಲಿ 55, 60 ಪೇರಿಸುತ್ತಿದ್ದರು. ನಮ್ಮ 30 ತಟ್ಟೆ ಹೋಗಿ ಎಂಜಲು ಟಬ್ಬಿನಲ್ಲಿ ಕೂತಿದ್ದವು. ಇದು ಟ್ರಾನ್ಸ್‌ಫರ್ ಬ್ಯಾಚ್ ಸಮಸ್ಯೆ, ಅಂದರೆ ಒಂದು ಸಲಕ್ಕೆ ಸಾಗಿಸುವ ರಾಶಿ ತುಂಬಾ ದೊಡ್ಡದಾದ್ದರಿಂದ ಬರುವ ತೊಂದರೆ.

ಆ ಸಂಜೆ 15 ತಟ್ಟೆ ಮಾತ್ರ ಹಿಡಿಯುವ ಮೂರು ಸಣ್ಣ ಟಬ್ ತಂದೆ. ಒಂದಕ್ಕೆ 150, ಒಟ್ಟು 450 ರೂಪಾಯಿ. ದೊಡ್ಡ ಟಬ್ ಎರಡನ್ನೂ ಎತ್ತಿ ಗೋಡೌನ್‌ಗೆ ಹಾಕಿದೆವು. ಯಾರೂ ನಂಬಲಿಲ್ಲ. "ಕ್ಲೀನರ್ ಓಡಾಡಿ ಓಡಾಡಿ ಸುಸ್ತಾಗ್ತಾನೆ, ಇದು ಎರಡು ದಿನದ ಆಟ" ಅಂದರು ಓನರ್. ಗೈಡ್ ಕೂಡ ಟ್ರಿಪ್ ಜಾಸ್ತಿಯಾದರೆ ಅದೂ ವೇಸ್ಟ್ ಅಲ್ವಾ ಅಂತ ಕೇಳಿದರು. ನಾವು ಅದಕ್ಕೂ ಲೆಕ್ಕ ಇಟ್ಟುಕೊಂಡಿದ್ದೆವು. ಹಾಲ್‌ನಿಂದ ಸಿಂಕಿಗೆ 38 ಹೆಜ್ಜೆ. ಮೊದಲು 12, 13 ಕೆಜಿ ಹೊತ್ತು ಹೋಗಿ ಬರಿಗೈಯಲ್ಲಿ ವಾಪಸ್ ಬರುತ್ತಿದ್ದರು, ತೊಳೆದ ತಟ್ಟೆ ತರಲು ಇನ್ನೊಬ್ಬರು. ಈಗ 4 ಕೆಜಿ ಒಂದೇ ಕೈಯಲ್ಲಿ, ಬರುವಾಗ ತೊಳೆದ 15 ತಟ್ಟೆ ಅದೇ ಟ್ರಿಪ್ಪಿನಲ್ಲಿ ನೇರ ಭಟ್ಟರ ಎಡಗೈ ಪಕ್ಕಕ್ಕೆ. ಕ್ಲೀನರ್ ಅಣ್ಣನೇ ನಾಲ್ಕನೇ ದಿನ ಹೇಳಿದ, ಸೊಂಟ ನೋವು ಕಡಿಮೆ ಆಗಿದೆ ಅಂತ.

ತಟ್ಟೆ ತಾಪತ್ರಯ ತೀರಿದ ಮೇಲೆ ಇನ್ನೆರಡು ಸಣ್ಣ ವಿಷಯ ಎದ್ದು ಕಂಡವು. ಹಿಟ್ಟು ಖಾಲಿಯಾದಾಗ ಭಟ್ಟರೇ ಒಳಗೆ ಹೋಗುತ್ತಿದ್ದರು. ಪಾತ್ರೆಯೊಳಗೆ ಒಂದು ಗುರುತು ಹಾಕಿ, ಹಿಟ್ಟು ಅಲ್ಲಿಗೆ ಇಳಿದಾಗ ಒಳಗಿನವರು ಇನ್ನೊಂದು ಪಾತ್ರೆ ತಂದು ಕಟ್ಟೆ ಕೆಳಗೆ ಇಡುವ ಹಾಗೆ ಮಾಡಿದೆವು. ಎರಡನೆಯದು ಸೆಟ್ ದೋಸೆ. ಮಸಾಲೆ ಜೊತೆ ಒಂದೇ ಸುತ್ತಿನಲ್ಲಿ ಹಾಕಿದರೆ ಅದಕ್ಕೆ ಮುಚ್ಚಳ ಬೇಕು, ಹದ ಉರಿ ಬೇಕು, ಇಡೀ ಕಾವಲಿ ಅದಕ್ಕಾಗಿ ಕಾಯುತ್ತದೆ. ಮೂರು ಸುತ್ತು ಮಸಾಲೆ, ಒಂದು ಸುತ್ತು ಸೆಟ್ ಅಂತ ಮಾಡಿದೆವು. ಸೆಟ್ ಕೇಳಿದವರಿಗೆ ಹೆಚ್ಚು ಹೊತ್ತು ಆಗುತ್ತದೆ ಅಂತ ಹೆದರಿದ್ದೆವು, ಆಗಲಿಲ್ಲ. ಬದಲಾಯಿಸುವ ಹೊತ್ತು ಬಂತು ಅಂತ ಚೀಟಿ ಓದದೆಯೇ ಭಟ್ಟರಿಗೆ ಗೊತ್ತಾಗುವ ಹಾಗೆ ಒಂದು ಉಪಾಯ ಮಾಡಿದ್ದೇವೆ. ಹತ್ತು ರೂಪಾಯಿ ಖರ್ಚೂ ಇಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನಿಂದ ಬಂದ ಪರೀಕ್ಷಕರು ಎದ್ದು ಕೂತು ಕೇಳಿದ್ದು ಅದನ್ನೇ. ನಮ್ಮ ಜೂನಿಯರ್‌ಗಳಿಗೆ ಇಟ್ಟಿದ್ದೇವೆ. ಟಬ್ಬಿಗೆ 15ಕ್ಕಿಂತ ಜಾಸ್ತಿ ಹಾಕದಂತೆ ಹೇಗೆ ತಡೆದೆವು ಅನ್ನುವುದೂ ಹಾಗೇ. ಒಂದು ಡ್ರಿಲ್ ಮೆಷಿನ್ ಬೇಕು, ಅಷ್ಟು ಹೇಳುತ್ತೇನೆ.

ಮಧ್ಯೆ ಚಟ್ನಿಯ ಮೇಲೂ ಒಂದು ಪ್ರಯೋಗ ಮಾಡಿದೆವು, ಪ್ರಾಜೆಕ್ಟಿಗೆ ಅದರ ಅಗತ್ಯ ಇರಲಿಲ್ಲ. ಚಟ್ನಿ ಬಕೆಟ್ ಎರಡು ಹೆಜ್ಜೆ ದೂರ ಇಟ್ಟರೆ ಎಷ್ಟು ಉಳಿಯುತ್ತದೆ ಅಂತ ನೋಡುವ ಆಸೆ. ದಿನಕ್ಕೆ ಮೂರು ನಾಲ್ಕು ಲೀಟರ್ ಉಳಿಯಿತು. ಆದರೆ ಜನ ಮುಖ ಸಿಂಡರಿಸಿದರು, ದಿನಾ ಬರುವ ಒಬ್ಬ ಹಿರಿಯರು ಅರ್ಧ ದೋಸೆ ಬಿಟ್ಟು ಹೋದರು. ಓನರ್ ಅವತ್ತೇ ಬಕೆಟ್ ವಾಪಸ್ ಇಡಿಸಿದರು. ಚಟ್ನಿಯಲ್ಲಿ ಜಿಪುಣತನ ಮಾಡಿದರೆ ಮೈಸೂರಿನವರು ಕ್ಷಮಿಸುವುದಿಲ್ಲ. ಕಾಫಿ ಡಿಕಾಕ್ಷನ್ ಬ್ಯಾಚ್ ಮೇಲೂ ಕೈ ಹಾಕಿದ್ದೆವು, ಅದು ಅರ್ಧಕ್ಕೇ ನಿಂತಿದೆ.

ಎರಡು ವಾರದ ಕೊನೆಗೆ ಗಂಟೆಗೆ 120ರಿಂದ 125 ದೋಸೆ ಬರುತ್ತಿತ್ತು. ಬಾಕಿ ಇರುವುದು 18ರ ಆಸುಪಾಸು, ಕಾಯುವುದು 9 ನಿಮಿಷ. ಭಾನುವಾರ ಮಾತ್ರ 12ಕ್ಕೆ ಹೋಗುತ್ತಿತ್ತು. ಒಟ್ಟು ನಮ್ಮ ಕೈಯಿಂದ 5,450 ಹೋಯಿತು, ಅದರಲ್ಲಿ ಕೆಲಸಕ್ಕೆ ಬಂದದ್ದು ಕೊನೆಯ 450. ತಟ್ಟೆಯ ದುಡ್ಡನ್ನು ಓನರ್ ತಾವಾಗಿಯೇ ಕರೆದು ಕೊಟ್ಟರು. ಟೋಕನ್ ದುಡ್ಡು ಹೋದ ಹಾಗೇ. ಫ್ಯಾಕ್ಟರಿಗೆ ಹೋದ ಗ್ರೂಪುಗಳ ರಿಪೋರ್ಟ್ ನಮ್ಮದಕ್ಕಿಂತ ದಪ್ಪ ಇದ್ದವು. ಆದರೆ ಮಾಡಿದ್ದು ಇನ್ನೂ ನಡೆಯುತ್ತಿದೆ ಅಂತ ವಿಡಿಯೋ ತೋರಿಸಿದವರು ಕ್ಲಾಸಿನಲ್ಲಿ ನಾವೊಬ್ಬರೇ. ಗೈಡ್ ಈಗ ಹೊಸ ಬ್ಯಾಚಿಗೆ ನಮ್ಮ ಪ್ರಾಜೆಕ್ಟನ್ನೇ ಉದಾಹರಣೆ ಕೊಡುತ್ತಾರಂತೆ. ರಿಪೋರ್ಟಿನಲ್ಲಿ ಸಣ್ಣ ಟಬ್ಬಿನ ವಿಷಯ ಬರುವ ಕಡೆ, ಇದು ತಟ್ಟೆ ತೊಳೆಯುವ ಅಕ್ಕ ಹೇಳಿದ ಮಾತಿನಿಂದ ಹೊಳೆದದ್ದು ಅಂತ ಸ್ಪಷ್ಟವಾಗಿ ಬರೆದಿದ್ದೇವೆ. ಆ ಪುಟ ಅವರಿಗೆ ಓದಿಯೂ ಹೇಳಿದೆ.

ಪರೀಕ್ಷೆ ಮುಗಿದ ಮೇಲೆ ಒಂದು ದಿನ ತಿಂಡಿಗೆ ಅಂತ ಹೋಗಿ ಹಿಂದೆ ಇಣುಕಿದೆ. ಟಬ್ ಈಗ ಐದಾಗಿವೆ. ಸಿಂಕಿನ ಪಕ್ಕ ಅಕ್ಕ ತಾವೇ ಎರಡು ಸಾಲು ಇಟ್ಟಿಗೆ ಜೋಡಿಸಿ, ಟಬ್ ಸೊಂಟದ ಮಟ್ಟಕ್ಕೆ ಬರುವ ಹಾಗೆ ಕಟ್ಟೆ ಮಾಡಿಕೊಂಡಿದ್ದಾರೆ. ಬಗ್ಗುವ ಕೆಲಸವೇ ಇಲ್ಲ. ಅಭ್ಯಾಸ ಬಲ, ಮೊಬೈಲ್ ತೆಗೆದು ಟೈಮ್ ನೋಡಿದೆ. ನಮ್ಮ ರಿಪೋರ್ಟಿನಲ್ಲಿ 15 ತಟ್ಟೆಗೆ 3 ನಿಮಿಷ ಅಂತ ಇದೆ. ಅಕ್ಕ 2 ನಿಮಿಷ 20 ಸೆಕೆಂಡಿಗೆ ಮುಗಿಸಿ ಮುಂದಿನ ಟಬ್ಬಿಗೆ ಕೈ ಚಾಚಿದರು.