ನಿರ್ದೇಶಕ ತತ್ವ ಹಿಡಿದು ಅರ್ಜಿ ಬರೆಯುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಬೀಡಿ ಕಾರ್ಮಿಕರ ಕೂಲಿ ಬಾಕಿಯ ಅರ್ಜಿಗಳಲ್ಲಿ ‘ಸಂವಿಧಾನದ 43ನೇ ವಿಧಿಯಂತೆ ಇದು ನಮ್ಮ ಹಕ್ಕು’ ಎಂದಷ್ಟೇ ಬರೆದು ಸಹಿ ಹಾಕಿರುತ್ತಾರೆ. ಅರ್ಜಿ ಸೋಲುವುದು ಅಲ್ಲೇ. ಬದುಕಲು ಸಾಲುವಷ್ಟು ಕೂಲಿ ಸಿಗಬೇಕೆನ್ನುವ ಈ 43ನೇ ವಿಧಿ ಒಂದು ನಿರ್ದೇಶಕ ತತ್ವ, ಅಂದರೆ ಸಂವಿಧಾನ ಸರ್ಕಾರಕ್ಕೆ ಕೊಟ್ಟ ಮಾರ್ಗಸೂಚಿ. ಇಂಥ ತತ್ವಗಳನ್ನು ಕೋರ್ಟಿನಿಂದ ನೇರವಾಗಿ ಜಾರಿ ಮಾಡಿಸಲಾಗದು ಎಂದು 37ನೇ ವಿಧಿಯೇ ಹೇಳುತ್ತದೆ. ಆದರೆ ಕಾನೂನು ಮಾಡುವಾಗ ಅವನ್ನು ಪಾಲಿಸುವುದು ಸರ್ಕಾರದ ಕರ್ತವ್ಯ ಎಂಬ ಮಾತೂ ಅದೇ ವಿಧಿಯಲ್ಲಿದೆ. ಆ ಕಾನೂನನ್ನು ಹಿಡಿಯಬೇಕು.

1. ವಿಧಿ ಒಂದೇ ಆರಿಸಿ. ಕೂಲಿಗೆ 43, ಗಂಡು ಹೆಣ್ಣಿನ ಸಮಾನ ವೇತನಕ್ಕೆ 39(ಡಿ), ಹೆರಿಗೆ ಸೌಲಭ್ಯಕ್ಕೆ 42.

2. ಅದರಿಂದ ಹುಟ್ಟಿದ ಕಾಯ್ದೆಯನ್ನು ಮೊದಲು ಬರೆಯಿರಿ, ವಿಧಿಯನ್ನು ಆಮೇಲೆ. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಬಾರದು ಎನ್ನುವುದು ವೇತನ ಸಂಹಿತೆ, 2019ರ ಸೆಕ್ಷನ್ 5. ‘ಈ ಸೆಕ್ಷನ್ 43ನೇ ವಿಧಿಯ ಆಶಯಕ್ಕಾಗಿ ಬಂದದ್ದು, ಅನುಮಾನವಿದ್ದಲ್ಲಿ ಕಾರ್ಮಿಕರ ಪರ ಅರ್ಥೈಸಬೇಕು’ ಎಂಬ ಒಂದು ಸಾಲು ಸೇರಿಸಿ, ಸಾಕು. ಜೆರಾಕ್ಸ್ ಅಂಗಡಿಯ ಹಳೇ ನಮೂನೆ ಕೊಳ್ಳಲೇಬೇಡಿ. ಅದರಲ್ಲಿರುವುದು ಈ ಸಂಹಿತೆಗಿಂತ ಹಿಂದಿನ 1948ರ ಕನಿಷ್ಠ ವೇತನ ಕಾಯ್ದೆ, ಅರ್ಜಿ ಹಾಕಲು ಆರು ತಿಂಗಳ ಗಡುವು. ಸಂಹಿತೆಯಲ್ಲಿ ಗಡುವು ಮೂರು ವರ್ಷ.

ನೇರ ಕಾಯ್ದೆ ಸಿಗದಿದ್ದರೆ ಮೂಲಭೂತ ಹಕ್ಕಿಗೆ ಗಂಟು ಹಾಕಿ. 1982ರ ರಣಧೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 39(ಡಿ)ಯನ್ನು ಸಮಾನತೆಯ ಮೂಲಭೂತ ಹಕ್ಕು ಹೇಳುವ 14 ಮತ್ತು 16ನೇ ವಿಧಿಗಳ ಜೊತೆಗಿಟ್ಟು ಓದಿ ಸಮಾನ ವೇತನ ಕೊಡಿಸಿತು.

3. ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿ. ‘ಕಡಿಮೆ ಕೊಟ್ಟಿದ್ದಾರೆ’ ಎಂದರೆ ಯಾರೂ ಆದೇಶ ಬರೆಯಲಾರರು. ವಾರಕ್ಕೆ 3,500ರಂತೆ 40 ವಾರ ಕಟ್ಟಿದರೆ 1,40,000 ಬೀಡಿ. ಸಾವಿರಕ್ಕೆ 20 ರೂಪಾಯಿ ಕಡಿಮೆ ಬಿದ್ದಿದ್ದರೆ ಬಾಕಿ 2,800 ರೂಪಾಯಿ. ಹೀಗೆ ವಾರವಾರದ ಪಟ್ಟಿ ಮಾಡಿ, ಬೀಡಿ ಲೆಕ್ಕದ ಪುಸ್ತಕದ ಆಯಾ ಪುಟದ ಪ್ರತಿ ಲಗತ್ತಿಸಿ. ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದಲಾಗುವುದರಿಂದ ಅದರ ಹಿಂದಿನ, ಮುಂದಿನ ವಾರಗಳನ್ನು ಬೆರೆಸಬೇಡಿ. ಕಳಪೆಯೆಂದು ಎತ್ತಿಟ್ಟ ಬೀಡಿಗೆ ಬೇರೆಯೇ ಅಂಕಣ ಇರಲಿ, ಇಲ್ಲದಿದ್ದರೆ ಎದುರು ಪಕ್ಷದವರು ಇಡೀ ಲೆಕ್ಕವನ್ನೇ ಅಲ್ಲಗಳೆಯುತ್ತಾರೆ.

4. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಕೈಬಿಡಬೇಡಿ. 39ಎ ವಿಧಿಯ ಫಲವಾಗಿ ಬಂದ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವುಂಟು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

5. ಅರ್ಜಿ ಕೊಡಲು ಹೋಗುವಾಗ ಅದರ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿಕೊಂಡೇ ಬನ್ನಿ.