‘ದುರ್ಗೇಶನಂದಿನಿ’ಯನ್ನು ಪುಟ, ರಂಗ, ತೆರೆಗಳಲ್ಲಿ ಒಟ್ಟಾಗಿ ಓದುವ ಬಗೆ

ಬಂಕಿಮಚಂದ್ರ ಚಟ್ಟೋಪಾಧ್ಯಾಯರ ಮೊದಲ ಬಂಗಾಳಿ ಕಾದಂಬರಿ ‘ದುರ್ಗೇಶನಂದಿನಿ’ 1865ರಲ್ಲಿ ಪ್ರಕಟವಾಯಿತು. ಅದಕ್ಕೆ ಮುನ್ನ ಅವರು ಇಂಗ್ಲಿಷಿನಲ್ಲಿ ಒಂದು ಕಾದಂಬರಿಗೆ ಕೈಹಾಕಿದ್ದರಾದರೂ ಬಂಗಾಳದ ಓದುಗರು ಅವರನ್ನು ಗುರುತಿಸಿದ್ದು ಈ ಕೃತಿಯಿಂದಲೇ. ಎಂಟೇ ವರ್ಷಗಳಲ್ಲಿ ಅದು ಕಲ್ಕತ್ತೆಯ ರಂಗವನ್ನೇರಿತು. ಮುಂದೆ ಮೂಕಿ ಚಿತ್ರವಾಯಿತು, ವಾಕ್ಚಿತ್ರವೂ ಆಯಿತು. ಈ ರೂಪಗಳನ್ನು ಜೊತೆಗಿಟ್ಟು ಅಭ್ಯಾಸ ಮಾಡಬೇಕೆನ್ನುವವರು ಮೊದಲು ಪುಸ್ತಕವನ್ನೇ ಕೈಗೆತ್ತಿಕೊಳ್ಳಬೇಕು. ಚಿತ್ರವನ್ನು ಮೊದಲು ನೋಡಿದರೆ ಕಥೆಯ ಮುಖ್ಯ ಪಾತ್ರಗಳಲ್ಲೊಬ್ಬಳಾದ ವಿಮಲೆಯ ಗುಟ್ಟು ಬಯಲಾಗಿ, ಕಾದಂಬರಿಯ ಅರ್ಧ ಸ್ವಾರಸ್ಯ ಓದುವ ಮೊದಲೇ ಹೋಗಿಬಿಡುತ್ತದೆ.

ಬಂಗಾಳಿ ಬಾರದವರಿಗೆ ಕನ್ನಡದಲ್ಲೇ ಹಳೆಯ ದಾರಿಯೊಂದಿದೆ. ಕೊಳ್ಳೇಗಾಲದವರಾದ ಬಿ. ವೆಂಕಟಾಚಾರ್ಯರು ಸ್ವಂತ ಪರಿಶ್ರಮದಿಂದ ಬಂಗಾಳಿ ಕಲಿತು, 1885ರ ಸುಮಾರಿಗೆ ಈ ಕಾದಂಬರಿಯನ್ನು ಕನ್ನಡಕ್ಕೆ ತಂದರು. ಅವರ ಗದ್ಯ ಸಂಸ್ಕೃತಭೂಯಿಷ್ಠ. ಇಂದಿನ ಕಣ್ಣಿಗೆ ಮೊದಲ ಪುಟಗಳು ಗಡುಸೆನಿಸಬಹುದು. ಹತ್ತು ಪುಟಗಳನ್ನು ಗಟ್ಟಿಯಾಗಿ ಓದಿಕೊಂಡರೆ ಅದರ ಲಯ ಹಿಡಿತಕ್ಕೆ ಬರುತ್ತದೆ. ಬಂಕಿಮರ ಮೂಲವೂ ಅಂಥ ಗಂಭೀರ ಗದ್ಯದಲ್ಲೇ ಇರುವುದರಿಂದ ಈ ಗಡುಸನ್ನು ಅನುವಾದದ ದೋಷವೆಂದು ತಳ್ಳಿಹಾಕಬಾರದು.

ಓದುವಾಗ ಕಾಲದೇಶಗಳನ್ನು ಮೊದಲು ಗುರುತು ಹಾಕಿಕೊಳ್ಳಿ. ಕಥೆ ಆರಂಭವಾಗುವುದು ಬಂಗಾಬ್ದ 997ರಲ್ಲಿ, ಎಂದರೆ 1590ರಲ್ಲಿ, ಒರಿಸ್ಸಾದ ಪಠಾಣರಿಗೂ ಮೊಗಲರಿಗೂ ಕಾಳಗ ನಡೆಯುತ್ತಿದ್ದ ದಿನಗಳಲ್ಲಿ. ವಿಷ್ಣುಪುರದಿಂದ ಮಂದಾರಣದ ಕಡೆಗೆ ಒಬ್ಬನೇ ಕುದುರೆಯೇರಿ ಹೊರಟ ಯುವಕ, ಮೊಗಲರ ಸೇನಾಪತಿ ಮಾನಸಿಂಹನ ಮಗ ಜಗತ್ಸಿಂಹ, ಬಿರುಗಾಳಿಗೆ ಸಿಕ್ಕು ಶೈಲೇಶ್ವರನ ಗುಡಿಯನ್ನು ಹೊಗುತ್ತಾನೆ. ಅಲ್ಲಿ ದುರ್ಗಾಧಿಪತಿ ವೀರೇಂದ್ರಸಿಂಹನ ಮಗಳು ತಿಲೋತ್ತಮೆಯನ್ನು, ಅವಳ ಸಂಗಡವಿದ್ದ ವಿಮಲೆಯನ್ನು ಕಾಣುತ್ತಾನೆ. ಕೋಟೆ ಪಠಾಣರ ವಶವಾದ ಮೇಲೆ ಗಾಯಗೊಂಡು ಸೆರೆಯಾದ ಅವನನ್ನು ಪಠಾಣರ ಒಡೆಯ ಕತಲೂಖಾನನ ಮಗಳು ಆಯೇಷಾ ಉಪಚರಿಸುತ್ತಾಳೆ. ಇಷ್ಟು ಚೌಕಟ್ಟು ಮನಸ್ಸಿನಲ್ಲಿ ನಿಂತರೆ ಸಾಕು; ಚರಿತ್ರೆಯ ಉಳಿದ ಹೆಸರುಗಳಿಗಾಗಿ ತಡೆದು ನಿಲ್ಲಬೇಕಾಗಿಲ್ಲ.

ಮುಂದಿನ ಕೆಲಸ ಎರಡು ಸ್ಥಳಗಳಿಗೆ ಗುರುತಿನ ಚೀಟಿ ಇಡುವುದು. ವಿಮಲೆ ಸೆರೆಯಲ್ಲಿರುವ ಜಗತ್ಸಿಂಹನಿಗೆ ತಲುಪಿಸುವ ದೀರ್ಘ ಪತ್ರ ಮೊದಲನೆಯದು. ಕೋಟೆಯಲ್ಲಿ ಪರಿಚಾರಿಕೆಯಂತೆ ಕಾಣುತ್ತಿದ್ದ ಆಕೆ ವೀರೇಂದ್ರಸಿಂಹನ ಧರ್ಮಪತ್ನಿ ಎಂಬುದು ಅಲ್ಲಿ ತಿಳಿಯುತ್ತದೆ. ಪುಟದ ಮೇಲೆ ಪತ್ರ ಎಷ್ಟು ಉದ್ದವಿದ್ದರೂ ನಡೆಯುತ್ತದೆ, ಆದರೆ ರಂಗದ ಮೇಲೆ ಯಾರೋ ಕುಳಿತು ಅದನ್ನು ಓದುತ್ತಿದ್ದರೆ ನಾಟಕ ನಿಂತುಹೋಗುತ್ತದೆ. ಹೀಗಾಗಿ ಯಾವುದೇ ರೂಪಾಂತರ ಈ ಪತ್ರವನ್ನು ಏನು ಮಾಡಿತು ಎಂದು ಕೇಳುವುದರಿಂದಲೇ ಹೋಲಿಕೆಯನ್ನು ಆರಂಭಿಸಬಹುದು. ಎರಡನೆಯದು ಸೆರೆಮನೆಯ ದೃಶ್ಯ. ಅದರ ಮಹತ್ವವನ್ನು ಅರಿಯಲು ಒಬ್ಬ ನಟಿಯ ಸಹಾಯ ಬೇಕು.

ಕಲ್ಕತ್ತೆಯ ಬೀಡನ್ ಬೀದಿಯ ಬೆಂಗಾಲ್ ಥಿಯೇಟರ್ 1873ರಲ್ಲಿ ಆರಂಭವಾಗಿ, ಸ್ತ್ರೀಪಾತ್ರಗಳಿಗೆ ನಟಿಯರನ್ನೇ ತೆಗೆದುಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ ‘ದುರ್ಗೇಶನಂದಿನಿ’ಯನ್ನು ಆಡಿದಾಗ ಜಗತ್ಸಿಂಹನಾದ ಶರಚ್ಚಂದ್ರ ಘೋಷರು ಜೀವಂತ ಕುದುರೆಯನ್ನೇರಿ ರಂಗಕ್ಕೆ ಬಂದರು. ರಂಗೇತಿಹಾಸಗಳಲ್ಲಿ ಈ ಕುದುರೆಯೇ ಹೆಚ್ಚು ಜಾಗ ಹಿಡಿದಿದೆ. ಅಭ್ಯಾಸಿಗೆ ಅದಕ್ಕಿಂತ ಬೆಲೆಬಾಳುವುದು ನಟಿ ಬಿನೋದಿನಿ ದಾಸಿ ತಮ್ಮ ಆತ್ಮಕಥೆಯಲ್ಲಿ ಹೇಳುವ ಒಂದು ಮಾತು. ಅಗತ್ಯ ಬಿದ್ದಾಗ ಅವರು ಆಯೇಷಾ, ತಿಲೋತ್ತಮೆ ಎರಡೂ ಪಾತ್ರಗಳನ್ನು ಒಂದೇ ರಾತ್ರಿ ಅಭಿನಯಿಸುತ್ತಿದ್ದರು. ಇಬ್ಬರೂ ಎದುರಾಗುವುದು ಸೆರೆಮನೆಯಲ್ಲಿ. ಅಲ್ಲಿ ತಿಲೋತ್ತಮೆಗೆ ಮಾತಿಲ್ಲದ ಕಾರಣ ಅವಳ ಉಡುಪು ತೊಟ್ಟ ಇನ್ನೊಬ್ಬಳು ಬಂದು, ಜಗತ್ಸಿಂಹನ ನಿಷ್ಠುರ ಮಾತಿಗೆ ಮೂರ್ಛೆಹೋದರೆ ಸಾಕಾಗುತ್ತಿತ್ತು. ಆಯೇಷಾ ಪಠಾಣ ಸೇನಾಪತಿ ಉಸ್ಮಾನನ ಎದುರು ‘ಈ ಬಂದಿ ನನ್ನ ಪ್ರಾಣೇಶ್ವರ’ ಎಂದು ಸಾರುವುದೂ ಇಲ್ಲಿಯೇ.

ಬಿನೋದಿನಿಯವರ ಈ ಮಾತನ್ನು ಓದಿದ ಮೇಲೆ ಕಾದಂಬರಿಯ ಆ ಅಧ್ಯಾಯಕ್ಕೆ ಹಿಂದಿರುಗಿ. ಶೀರ್ಷಿಕೆ ಯಾರ ಹೆಸರಿನಲ್ಲಿದೆಯೋ ಆ ದುರ್ಗಾಧಿಪತಿಯ ಮಗಳೇ ಅಲ್ಲಿ ಮೂಕಿ. ಶತ್ರುವಿನ ಮಗಳಿಗೆ ಕೃತಿಯ ಅತ್ಯಂತ ದಿಟ್ಟ ಮಾತು ದಕ್ಕಿದೆ. ಪಾತ್ರ ಹಂಚುವ ಅಡಚಣೆಯಿಂದ ಹುಟ್ಟಿದ ರಂಗೋಪಾಯವೊಂದು ಕಾದಂಬರಿಯ ಒಳಗಟ್ಟನ್ನು ವಿಮರ್ಶಕರಿಗಿಂತ ಚೆನ್ನಾಗಿ ತೋರಿಸಿತು ಎಂಬುದು ನನ್ನ ಅಭಿಪ್ರಾಯ.

ತೆರೆಯ ರೂಪಗಳನ್ನು ಹುಡುಕುವವರು 1927ರ ಮೂಕಿ, ಅಮರ್ ಮಲ್ಲಿಕ್ ನಿರ್ದೇಶನದ 1951ರ ಬಂಗಾಳಿ ಚಿತ್ರ, ಬಿಭೂತಿ ಮಿತ್ರಾ ನಿರ್ದೇಶನದ 1956ರ ಹಿಂದಿ ಚಿತ್ರ ಇವನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಹೆಸರು ಒಂದೇ ಆಗಿರುವುದರಿಂದ ಹುಡುಕಾಟದಲ್ಲಿ ಕಲಸಿಹೋಗುವ ಸಂಭವವಿದೆ. ಹಿಂದಿಯದರಲ್ಲಿ ಪ್ರದೀಪ್ ಕುಮಾರ್, ಬೀನಾ ರಾಯ್, ನಳಿನಿ ಜಯವಂತ್ ನಟಿಸಿದ್ದಾರೆ, ಸಂಗೀತ ಹೇಮಂತ್ ಕುಮಾರ್ ಅವರದು. ಸಿಕ್ಕಿದ ಚಿತ್ರವನ್ನು ಮೊದಲ ಸಲ ತಡೆಯಿಲ್ಲದೆ ನೋಡಿ, ಎರಡನೆಯ ಸಲ ಹಾಡು ಎಲ್ಲೆಲ್ಲಿ ಬರುತ್ತದೆಂದು ಬರೆದುಕೊಳ್ಳಿ: ಕಾದಂಬರಿಯಲ್ಲಿ ನಿರೂಪಕನು ಓದುಗನನ್ನು ನೇರವಾಗಿ ಮಾತನಾಡಿಸುತ್ತ ಪಾತ್ರದ ಮನಸ್ಸನ್ನು ವಿವರಿಸುವ ಎಡೆಯಲ್ಲಿ ಹಾಡು ಬಂದಿದೆಯೇ, ಇಲ್ಲವೇ ಕಥೆಗೆ ಹೊರಗಿನಿಂದ ಸೇರಿದೆಯೇ ಎಂಬುದು ಆಗ ತಿಳಿಯುತ್ತದೆ.

ಕೊನೆಗೆ ಮುಕ್ತಾಯಗಳನ್ನು ಹೋಲಿಸಬೇಕು. ಪುಸ್ತಕದಲ್ಲಿ ಜಗತ್ಸಿಂಹ–ತಿಲೋತ್ತಮೆಯರ ಮದುವೆಗೆ ಆಯೇಷಾ ಬಂದು, ವಧುವಿಗೆ ತನ್ನ ಕೈಯಾರ ಒಡವೆ ತೊಡಿಸಿ, ಮನೆಗೆ ಮರಳಿದ ರಾತ್ರಿ ಕಿಟಕಿಯ ಬಳಿ ಕುಳಿತು, ವಿಷವಿದ್ದ ಉಂಗುರವನ್ನು ಬಹಳ ಹೊತ್ತು ನೋಡಿ, ಕೋಟೆಯ ಕಂದಕದ ನೀರಿಗೆ ಎಸೆಯುತ್ತಾಳೆ. ನೀವು ನೋಡುವ ರೂಪಾಂತರ ಮದುವೆಯ ಮಂಟಪದಲ್ಲಿ ಮುಗಿಯುತ್ತದೆಯೋ ಈ ಕಿಟಕಿಯ ಬಳಿಯೋ ಎಂಬುದನ್ನು ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆದಿಡಿ.